ರಾಜಕುಮಾರಿಯ ಕೊನೆಯ ಎಂಟು ಪುಟಗಳು

ಬೆಳಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಪ್ರಕಾಶಕರು ಕುರ್ಚಿಯಲ್ಲಿ ಕೂರಲೂ ಒಪ್ಪಲಿಲ್ಲ. ಮಕ್ಕಳಿಗಾಗಿ ಹೊರತರುತ್ತಿದ್ದ ಚಿತ್ರಕಾದಂಬರಿಯ ಕೊನೆಯ ಎಂಟು ಪುಟಗಳು ಕಚೇರಿಯ ಕಪಾಟಿನಿಂದ ಕಳುವಾಗಿದ್ದವು. ನೂರು ವರ್ಷ ನಿದ್ದೆ ಹೋದ ರಾಜಕುಮಾರಿಯ ಹಳೆಯ ಕತೆಯನ್ನೇ ಉಗಿಯಂತ್ರಗಳ ಊರಿಗೆ ತಂದು ಕೂರಿಸಿದ ಪುಸ್ತಕ ಅದು. ಎಲ್ಲವೂ ಕೈಯಲ್ಲೇ ಬರೆದ ಚಿತ್ರಗಳು. ಸ್ಕ್ಯಾನ್ ಇನ್ನೂ ಆಗಿರಲಿಲ್ಲ, ಬೇರೆ ಪ್ರತಿ ಇರಲಿಲ್ಲ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದಫೇದಾರನನ್ನು ಕರೆದುಕೊಂಡು ಹೊರಟರು.

ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿ ಮೇಜಿನ ಖಾನೆಯಲ್ಲಿರುವುದು ಕಚೇರಿಗೆ ಬಂದುಹೋಗುವ ಎಲ್ಲರಿಗೂ ಗೊತ್ತೆಂದು ಪ್ರಕಾಶಕರು ಒಪ್ಪಿಕೊಂಡರು. ಎದುರಾಳಿ ಪ್ರಕಾಶಕನೊಬ್ಬನ ಮೇಲೆ ಅವರಿಗೆ ಗುಮಾನಿ. ಪಂಚರ ಮುಂದೆ ಕಪಾಟು ತೆರೆದಾಗ ಉಳಿದ ಪುಟಗಳು ಒಂದರ ಮೇಲೊಂದು ಇದ್ದವು. ಪ್ರತಿ ಎರಡು ಪುಟಗಳ ನಡುವೆ ಒಂದು ಬಟರ್ ಪೇಪರ್ ಹಾಳೆ.

"ಇದನ್ನ ನೀವು ಇಟ್ಟಿದ್ದಾ?"

"ಇಲ್ಲ. ನಾನು ಹಾಗೇ ಜೋಡಿಸಿ ಬೀಗ ಹಾಕಿದ್ದೆ."

ದಫೇದಾರ ಬಗ್ಗಿ ನೋಡಿದ. "ಒಳ್ಳೇ ಕಳ್ಳ ಸಾರ್. ಉಳಿದವಕ್ಕೆ ಹೊದಿಸಿ, ತಟ್ಟಿ ಮಲಗಿಸಿ ಹೋಗಿದಾನೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ಎದುರಾಳಿ ಕಡೆಯವನಾಗಿದ್ದರೆ ಬಿಟ್ಟುಹೋದ ಪುಟಗಳ ಚಿಂತೆ ಅವನಿಗೇಕೆ?

ಚಿತ್ರಕಾರನನ್ನು ಕರೆಸಿದರು. ಗೆರೆ ತನ್ನದು, ಬಣ್ಣ ಅಕ್ಕನದು ಎಂದ. ಥಂಡಿ ಹವೆಗೆ ಬಣ್ಣ ಒಂದಕ್ಕೊಂದು ಅಂಟಿ ಕಿತ್ತುಬರುತ್ತದೆ, ಅದಕ್ಕೆ ನಡುವೆ ಹಾಳೆ ಇಡಬೇಕು ಎಂದೂ ವಿವರಿಸಿದ.

"ನೀವು ಇಡ್ತೀರಾ?"

"ನನಗೆಲ್ಲಿ ಅಷ್ಟು ತಾಳ್ಮೆ. ಅಕ್ಕ ಆದ್ರೆ..." ಅವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಆಮೇಲೆ ಒಂದೊಂದಾಗಿ ಹೊರಬಂತು. ಕೊನೆಯ ಪುಟಗಳಲ್ಲಿ ರಾಜಕುಮಾರಿ ತಾನೇ ಎದ್ದು, ಯಾರಿಗೂ ಕಾಯದೆ, ತಣ್ಣಗಾಗಿದ್ದ ಬಾಯ್ಲರಿಗೆ ಕಲ್ಲಿದ್ದಲು ಸುರಿದು ಇಡೀ ಊರನ್ನು ಎಬ್ಬಿಸುತ್ತಾಳೆ. ಪ್ರಕಾಶಕರಿಗೆ ಅವಳ ಕಪ್ಪು ಕೈ ಹಿಡಿಸಲಿಲ್ಲ. ಮಕ್ಕಳ ಪುಸ್ತಕ, ರಾಜಕುಮಾರಿಯ ಕೈ ಬೆಳ್ಳಗಿರಲಿ, ಅದೇ ಪುಟಗಳ ಮೇಲೆ ಬಣ್ಣ ಬಳಿದುಕೊಡಿ ಎಂದಿದ್ದರು. ಅಕ್ಕ ಆಗುವುದಿಲ್ಲ ಎಂದಳು. ತಮ್ಮ ಹೂಂ ಎಂದಿದ್ದ.

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ಒಂದೇ ಕೋಣೆ, ಕಿಟಕಿಯ ಬಳಿ ಮೇಜು, ಅದರ ಮೇಲೆ ತೊಳೆದಿಟ್ಟ ಕುಂಚಗಳು. ಪೊಲೀಸರನ್ನು ಕಂಡು ಅವಳು ಮೇಜಿನ ಕೆಳಗಿನ ಅಗಲವಾದ ಖಾನೆಯನ್ನು ತಾನೇ ಎಳೆದಳು.

"ಹುಡುಕೋ ಕಷ್ಟ ಬೇಡ. ಮುಟ್ಟೋ ಮುಂಚೆ ಕೈ ತೊಳ್ಕೊಳಿ."

ದಫೇದಾರ ಸಾಹೇಬರ ಮುಖ ನೋಡಿದ. ಆಮೇಲೆ ನಲ್ಲಿಯತ್ತ ನಡೆದ.

"ಕದ್ದಿದ್ದು ಒಪ್ಕೋತೀರಾ?"

"ಒಪ್ಕೋತೀನಿ."

"ಪುಟಗಳು ಅವರ ಸ್ವತ್ತು. ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಉಳಿದಿದ್ದನ್ನ ಹಾಳಾಗದ ಹಾಗೆ ಇಟ್ಟು, ಬೀಗ ಹಾಕಿ ಬಂದೆ."

ಹಿಂದೆಯೇ ಬಂದಿದ್ದ ತಮ್ಮ ಹೊಸಿಲಾಚೆಯೇ ನಿಂತಿದ್ದ. ಒಂದು ಮಾತು ತನಗೆ ಹೇಳಬಹುದಿತ್ತಲ್ಲ ಎಂದು ಗೊಣಗಿದ.

"ಹೇಳಿದ್ದೆ ಕಣೋ. ನೀನಾಗ ಅವರ ಮುಂದೆ ತಲೆ ಆಡಿಸ್ತಿದ್ದೆ."

ಪಂಚನಾಮೆ ಶುರುವಾಯಿತು. ದಫೇದಾರ ಬರೆಯುತ್ತ ಗಟ್ಟಿಯಾಗಿ ಓದಿದ: ಕೈಗೆ ಕೊಳೆಯಾದ ಹುಡುಗಿಯ ಬಣ್ಣದ ಚಿತ್ರಗಳು, ಎಂಟು.

"ಕೊಳೆ ಅಲ್ಲ. ಕಲ್ಲಿದ್ದಲ ಮಸಿ. ಸರಿಯಾಗಿ ಬರ್ಕೊಳಿ."

ಇನ್‌ಸ್ಪೆಕ್ಟರ್ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಹುಡುಗಿ ಸಲಿಕೆ ಹಿಡಿದು ನೆಟ್ಟಗೆ ನಿಂತಿದ್ದಳು. ತಿದ್ದಿ ಬರೆಯಲು ಹೇಳಿ, ತಿದ್ದಿದ ಕಡೆ ಸಹಿ ಹಾಕಿದರು. ಪುಟಗಳನ್ನು ಲಕೋಟೆಗೆ ಸೇರಿಸಿ ಅರಗಿನ ಮುದ್ರೆ ಒತ್ತಿದ್ದಾಯಿತು.

"ಇನ್ನು ಇದರ ಮೇಲೆ ಯಾರೂ ಬಣ್ಣ ಬಳಿಯೋ ಹಾಗಿಲ್ಲ ಅಲ್ವಾ?"

"ಕೋರ್ಟ್ ಹೇಳೋ ತನಕ ಇಲ್ಲ."

ಅವಳು ಚಪ್ಪಲಿ ಮೆಟ್ಟಿ, ತಾನೇ ಮುಂದಾಗಿ ಜೀಪು ಹತ್ತಿದಳು.

ಠಾಣೆಯಲ್ಲಿ ಕೊಟ್ಟ ಹೇಳಿಕೆ ಚಿಕ್ಕದು. ತಂದೆ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಪಾಳಿ ಮುಗಿಸಿ ಬಂದು ಅದೇ ಕೈಯಲ್ಲಿ ಮಗಳ ಕೈ ಹಿಡಿದು ಶಾಲೆಯ ಗೇಟಿನವರೆಗೆ ಬರುತ್ತಿದ್ದರು. ಉಳಿದ ಮಕ್ಕಳು ನೋಡಲೆಂದೇ ಅವಳು ಗೇಟಿನಲ್ಲಿ ಆ ಕೈಯನ್ನು ಬೇಗ ಬಿಡುತ್ತಿರಲಿಲ್ಲ.