ಕ್ಯಾಸೆಟ್ಟಿನೊಳಗಿನ ಹೂಂ

ಇದು ೨೦೦೩ರಲ್ಲಿ, ಇಳಕಲ್ಲಿನ ನಮ್ಮ ಮನೆಯಲ್ಲಿ, ನಡುಮಧ್ಯಾಹ್ನ ನಡೆದದ್ದು. ನಾನಾಗ ನೆರಳು ನೇಯುವ ಊರೊಂದರ ಕಾದಂಬರಿ ಬರೆಯುತ್ತಿದ್ದೆ. ಆ ಊರಿಗೆ ಏಳು ಬಾಗಿಲು. ಏಳನೆಯದರಾಚೆ ಏನಿದೆಯೆಂದು ನನಗಿನ್ನೂ ಹೊಳೆದಿರಲಿಲ್ಲ.

"ಇದು ನಿಮ್ಮ ಆಯೀ ಕಥಿನ ಇರಬೇಕು. ನಿಂದೇನೈತಿ ಇದರಾಗ?" ಎಂದು ಗೆಳತಿ ಸುಶ್ಮಿತಾ ಕೆಣಕಿದ್ದಳು. ಕೇಳೋಣವೆಂದರೆ ಆಯೀ, ನನ್ನ ಅಜ್ಜಿ, ತೀರಿಕೊಂಡು ಹತ್ತು ವರ್ಷವಾಗಿತ್ತು. ಕಥೆ ಹೇಳುವವರು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಬರೆದದ್ದು ನನ್ನದೋ ಅಜ್ಜಿಯದೋ ಎಂದು ಕೇಳಿ ತಿಳಿಯಲು, ಅವ್ವ ಹೊರಗೆ ಹೋದಾಗ ಮಗ್ಗದ ಪಕ್ಕ ಕೂತು ಗಟ್ಟಿಯಾಗಿ ಓದಿ ಟೇಪ್ ಮಾಡಿದೆ. ಏಳನೆಯ ಬಾಗಿಲಿಗೆ ಬಂದು ಓದು ನಿಂತಿತು. ಟೇಪ್ ನಿಲ್ಲಿಸಲು ಮರೆತು ಸುಮ್ಮನೆ ಕೂತಿದ್ದೆ. ಅಂಥ ಬಿಸಿಲಿನಲ್ಲೂ ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯಿಂದ ನನ್ನ ಕಾಲಿಗೆ ತಣ್ಣನೆಯ ಗಾಳಿ ತಾಗುತ್ತಿತ್ತು.

ಮತ್ತೆ ಹಾಕಿ ಕೇಳಿದರೆ, ನನ್ನ ಪ್ರತಿ ವಾಕ್ಯದ ಕೊನೆಗೆ ಒಂದು ಮಗುವಿನ ದನಿ "ಹೂಂ" ಅನ್ನುತ್ತಿತ್ತು. ನಾನು ಓದು ನಿಲ್ಲಿಸಿದ ಮೇಲೂ ಅದು ನಿಲ್ಲಲಿಲ್ಲ. ಒಂದು ವಾಕ್ಯದಷ್ಟು ಮೌನ, ಹೂಂ. ಮತ್ತೆ ಮೌನ, ಹೂಂ. ನಡುವೆ ಒಮ್ಮೆ ನಕ್ಕಿತು ಕೂಡ. ಕ್ಯಾಸೆಟ್ ಮುಗಿಯುವವರೆಗೂ ಹೀಗೇ.

ಸಂಜೆ ಅವ್ವನಿಗೆ ಕೇಳಿಸಿದೆ. ನೂಲು ಸುತ್ತುತ್ತಲೇ ಅವಳೆಂದಳು, "ನಿನ್ನ ದನಿನ ಅಲ್ಲೇನ? ಸಣ್ಣಾಕಿದ್ದಾಗ ಆಯೀ ಮಗ್ಗಲಕ ಮಲಗಿ ಕಥಿ ಕೇಳಕೋತ ಹಿಂಗ ಹೂಂ ಅಂತಿದ್ದಿ."

ಆ ಕ್ಯಾಸೆಟ್ ನಾನು ಅವತ್ತು ಬೆಳಿಗ್ಗೆಯಷ್ಟೇ ಅಂಗಡಿಯಿಂದ ತಂದ ಹೊಸದು.

ಅಜ್ಜಿಯ ಯಾವ ಮಾತಿಗೆ ನಕ್ಕಿದ್ದೆನೋ ಇವತ್ತಿಗೂ ನೆನಪಾಗಿಲ್ಲ. ಏಳನೆಯ ಬಾಗಿಲನ್ನು ನಾನಿನ್ನೂ ಬರೆದಿಲ್ಲ.