ಎರಿ ಹೊಲದ ಆರನೇ ಕುಣಿ

ಇಲ್ನೋಡ್ರಿ, ಮದ್ಲ ಹೇಳಿಬಿಡ್ತೀನಿ. ಕುಷ್ಟಗಿ ತಾಲೂಕಿನ್ಯಾಗ ಗಾಲ್ಫ್ ಆಡಿ ಫಸ್ಟ್ ಬಂದಾಂವ ಯಾರು ಅಂತ ಯಾರನ್ನರ ಕೇಳ್ರಿ. ನನ್ನ ಹೆಸರ ಹೇಳ್ತಾರ. ಗವಿಸಿದ್ದೇಶ. ಏಳನೇ ಕ್ಲಾಸ್. ಬ್ಯಾರೆ ಹೀರೋ ಎಂಟ್ರಿ ಕೊಟ್ರ ಧೂಳು ಏಳ್ತೈತಿ. ನಾ ಎಂಟ್ರಿ ಕೊಟ್ರ ಎದ್ದ ಧೂಳು ಕುಂತು ಚಪ್ಪಾಳಿ ಹೊಡಿತೈತಿ.

ಅವತ್ತು ಆರನೇ ಕುಣಿ. ಅದ ಲಾಸ್ಟ್. ಬೇವಿನ ಗಿಡದ ಬುಡಕ ಟ್ರಸ್ಟಿನವರು ಕುರ್ಚಿ ಹಾಕ್ಕೊಂಡು ಕುಂತಾರ. ಹೆಡ್‌ಮಾಸ್ತರ್ ಮಾರೆಪ್ಪ ಸರ್ ಹಣಿಗೆ ಕೈ ಹಚ್ಚಿ ನೋಡಾಕತ್ತಾರ. ನನ್ನ ಚೆಂಡು ಕುಣ್ಯಾಗಿನ ಡಬ್ಬಿಗೆ ಎರಡು ಮಾರು ದೂರ ಐತಿ. ನಾ ಕೋಲು ಹಿಡದೆ, ಉಸಿರು ಹಿಡದೆ, ಮೆಲ್ಲಕ ತಟ್ಟಿದೆ. ಚೆಂಡು ಉಳ್ಳಿಕೋತ ಹೋತು, ಹೋತು, ಡಬ್ಬ್ಯಾಗ ಬಿತ್ತು. ಠಣ್.

"ಎಷ್ಟು ಏಟು?" ಅಂತ ನನ್ನ ಜೋಡಿ ಆಡೂ ಮೆಹಜಬೀನ ಕೇಳಿದ್ಲು. ನನ್ನ ಕಾರ್ಡ್ ಆಕಿ ಕೈಯಾಗ ಇತ್ತು.

"ನಾಲ್ಕು," ಅಂದೆ.

ಆಕಿ ನನ್ನ ಮುಖ ನೋಡಿದ್ಲು. ಆಮ್ಯಾಲ ನಾಲ್ಕು ಅಂತ ಬರದ್ಲು.

ಈಗ ಸ್ವಲ್ಪ ಫ್ಲ್ಯಾಶ್‌ಬ್ಯಾಕ್.

ನಮ್ಮ ಸಾಲಿಗೆ ಕವಿತಾ ಅಕ್ಕಾರು ಬಂದಿದ್ದು ಜೂನ್ ತಿಂಗಳದಾಗ. ಬಸ್ಸಿನಿಂದ ಇಳದಾಗ ಬೆನ್ನಿಗೆ ಒಂದು ಉದ್ದನ್ನ ಚೀಲ ಇತ್ತು. ಭಜನಿ ಮಾಡಾಕ ಬಂದಾರ, ಒಳಗ ತಂಬೂರಿ ಐತಿ ಅಂತ ತಿಳಕೊಂಡ್ವಿ. ಚೀಲ ತಗದ್ರ ಬರೇ ಕೋಲು.

"ನಾ ಟೀಚರ್ ಅಲ್ರಪಾ. ಫೆಲೋ," ಅಂದ್ರು ಅಕ್ಕಾರು.

"ಅಕ್ಕಾರ, ಅದು ಬೈಗುಳ ಐತ್ರಿ," ಅಂದೆ ನಾ. "ಇಂಗ್ಲಿಷ್ ಸರ್ ನನಗ ದಿನಾ ಅಂತಾರ. ಈಡಿಯಟ್ ಫೆಲೋ."

ಎಲ್ಲಾರೂ ನಕ್ರು. ಅಕ್ಕಾರೂ ನಕ್ರು. ಆಮ್ಯಾಲ ಬಿಡಿಸಿ ಹೇಳಿದ್ರು. ಅವರು ಧಾರವಾಡದಾಗ ಡಿಗ್ರಿ ಮುಗಿಸ್ಯಾರ. ಒಂದು ಟ್ರಸ್ಟ್ ಐತಂತ. ಮಂದಿ ಕೊಟ್ಟ ದಾನದಾಗ ಕೋಲು, ಚೆಂಡು ಕೊಡಿಸಿ, ಡಿಗ್ರಿ ಆದವರನ್ನ ಒಂದೊಂದು ವರ್ಷ ಒಂದೊಂದು ಸಾಲಿಗೆ ಕಳಸ್ತಾರಂತ. ಅದಕ್ಕ ಫೆಲೋಶಿಪ್ ಅಂತಾರಂತ.

"ಗಾಲ್ಫ್ ಆಡಾಕ ದೊಡ್ಡ ಹುಲ್ಲಿನ ಮೈದಾನ ಬೇಕು. ಅದಕ್ಕ ದೊಡ್ಡ ಗೇಟ್ ಇರತೈತಿ," ಅಂದ್ರು ಅಕ್ಕಾರು. "ಆ ಗೇಟ್ ನಿಮಗ ಯಾರು ತೆಗಿತಾರ? ಅದಕ್ಕ ನಾವ ಆಟ ತಗೊಂಡು ಬಂದೀವಿ. ಮರಳಿ ಅನ್ನೂ ಊರಾಗ ಒಬ್ಬ ಅಣ್ಣ ಕಲಸಾಕತ್ತಾನ."

"ಅಲ್ಲೆ ಬರೇ ಭತ್ತದ ಗದ್ದಿ ಅಲ್ರಿ? ಚೆಂಡು ನೀರಿಗೆ ಬೀಳ್ತೈತಿ."

"ಹೂಂ. ಅಲ್ಲೆ ಚೆಂಡಿಗೂ ಈಜು ಬರಬೇಕು," ಅಂದ್ರು.

ಮದ್ಲ ಸಾಲಿ ಅಂಗಳದಾಗ ಕಲತ್ವಿ. ಸಂಕ್ರಾಂತಿ ಆದ ಮ್ಯಾಲ ಸಾಲಿ ಹಿಂದಿನ ಗಿಡ್ಡಪ್ಪ ಮುತ್ಯಾನ ಎರಿ ಹೊಲದಾಗ ಜೋಳ ಕಿತ್ರು. ಹೊಲ ಖಾಲಿ ಆತು. "ಆಡ್ರಿ ಮಕ್ಕಳ್ರಾ, ಮಳಿ ಬರೂತನಾ ನಿಮ್ಮದ," ಅಂದ ಮುತ್ಯಾ. ಆರು ಕಡೆ ಕುಣಿ ತೋಡಿ, ತಗಡಿನ ಡಬ್ಬಿ ಹುಗದು, ಹಳೇ ಸೀರಿ ಹರದು ಬಾವುಟಾ ಕಟ್ಟಿದ್ವಿ. ಕಡಿಮಿ ಏಟಿನ್ಯಾಗ ಆರೂ ಕುಣಿ ಮುಗಿಸಿದವರು ಗೆದ್ದಂಗ.

ಎರಿ ಹೊಲ, ಅಂದ್ರ ಕರಿ ಮಣ್ಣಿನ ಹೊಲ, ನಿಮಗ ಗೊತ್ತೈತಲ್ಲ? ಒಣಗಿದ್ರ ಬಾಯಿ ಬಿಡತೈತಿ. ಅಷ್ಟಗಲ ಬಿರಕು. ಚೆಂಡು ಒಳಗ ಹೋದ್ರ ಸೀದಾ ಪಾತಾಳ. ಅದಕ್ಕ ಅಕ್ಕಾರು ನಮ್ಮ ಹೊಲಕ್ಕ ಅಂತ ಒಂದು ರೂಲ್ ಮಾಡಿದ್ರು. ಚೆಂಡು ಬಿರಕಿನ್ಯಾಗ ಬಿದ್ರ ತಗದು ಬಾಜೂಕ ಇಟ್ಟು ಆಡಬೇಕು, ಲೆಕ್ಕಕ್ಕ ಒಂದು ಏಟು ಹೆಚ್ಚಿಗೆ ಹಾಕಬೇಕು.

"ಅಂಪೈರ್ ಯಾರ್ರಿ?" ಅಂತ ಕೇಳಿದೆ.

"ಯಾರೂ ಇಲ್ಲ. ಇಬ್ಬರಿಬ್ಬರು ಜೋಡಿ. ನಿನ್ನ ಕಾರ್ಡ್ ನಿನ್ನ ಜೋಡಿಯವರು ಬರೀತಾರ. ಎಷ್ಟು ಅಂತ ಹೇಳಾಂವ ನೀನ. ಕಡಿಮಿ ಹೇಳಿದ್ದು ಗೊತ್ತಾದ್ರ ಆ ಕಾರ್ಡ್ ಔಟ್."

ಅಂಪೈರ್ ಇಲ್ಲದ ಆಟ. ನನ್ನಂಥಾಂವಗ ಹೇಳಿ ಮಾಡಿಸಿದಂಗ ಐತಿ ಅನಿಸ್ತು.

ನನ್ನ ಬಗ್ಗೆ ಒಂದು ಸ್ಯಾಂಪಲ್ ಹೇಳ್ತೀನಿ. ಒಂದಿನ ದಾಳಿಂಬಿ ಹೀಚಿಗೆ ಸುಣ್ಣ ಬಳದು ಚೆಂಡಿನ ಜಾಗಾದಾಗ ಇಟ್ಟಿದ್ದೆ. ಮಾರೆಪ್ಪ ಸರ್ "ನಾನೂ ಒಂದು ಹೊಡಿತೀನಿ" ಅಂತ ಪ್ಯಾಂಟ್ ಮ್ಯಾಲ ಏರಿಸಿ, ಜೋರ್ ಬಡದ್ರು. ಸರ್ ಅಂಗಿ ಮ್ಯಾಲ ಸುಣ್ಣ, ಮೀಸಿ ಮ್ಯಾಲ ಕಾಯಿ ಚೂರು. ನಾ ಮೂರು ದಿನ ಕ್ಲಾಸಿನ ಹೊರಗ ನಿಂತೆ. ನನಗ ಹೊಸಾದೇನಲ್ಲ. ಅಲ್ಲೆ ನಿಂತು ಡೈಲಾಗ್ ಹೊಡಿತಿದ್ದೆ, ಒಳಗಿನವರು ನಗ್ತಿದ್ರು.

ಮೆಹಜಬೀನ ಮಾತ್ರ ನಗ್ತಿದ್ದಿಲ್ಲ. ಆಕಿ ನಮ್ಮ ಕ್ಲಾಸೇ. ಆಕಿ ಅಬ್ಬಾ ಇಬ್ರಾಹಿಂಸಾಬ ಕುಷ್ಟಗಿ ಕ್ರಾಸಿನ್ಯಾಗ ಪಂಕ್ಚರ್ ಅಂಗಡಿ ಇಟ್ಟಾನ. ಆಕಿ ಹಳೇ ಟಾಯರ್ ಮನಿ ಮುಂದ ಇಟಗೊಂಡು, ದೂರದಿಂದ ಅದರಾಗ ಚೆಂಡು ಹಾಕೂದು ದಿನಾ ಕಲೀತಿದ್ಲು.

ಮಾರ್ಚ್ ತಿಂಗಳದಾಗ ಅಕ್ಕಾರು ಸುದ್ದಿ ತಂದ್ರು. ಬ್ಯಾಸಗಿ ಸೂಟಿಯಾಗ ಟ್ರಸ್ಟಿನವರು ಒಂದು ತಿಂಗಳು ಕ್ಯಾಂಪ್ ಮಾಡ್ತಾರ. ಖರೇ ಹುಲ್ಲಿನ ಮೈದಾನದಾಗ. ಅಲ್ಲಿಗೆ ಹೋದವರಿಗೆ ಹತ್ತನೇ ಕ್ಲಾಸ್ ತನಕ ಅವರ ಕಲಸ್ತಾರ. ಒಂದು ಸಾಲಿಗೆ ಒಂದ ಸೀಟ್.

"ಅಬ್ಬಾ ಏನಂದ?" ಅಂತ ಮೆಹಜಬೀನನ್ನ ಕೇಳಿದೆ.

"ಈ ಸಲ ಸೆಲೆಕ್ಟ್ ಆದ್ರ ಕಳಸ್ತೀನಿ ಬೇಟಾ, ಇಲ್ಲಾಂದ್ರ ಕೋಲು ತಿರುಗಿ ಕೊಟ್ಟು ಬಂದು ಓದ್ಕೋ ಅಂದಾನ," ಅಂದ್ಲು. "ಮಾತು ಕೊಟ್ಟೀನಿ."

ಮುಂದಿನ ವರ್ಷ ನಾವು ಈ ಸಾಲ್ಯಾಗ ಇರೂದಿಲ್ಲ. ಅಕ್ಕಾರ ವರ್ಷಾನೂ ಮುಗಿತೈತಿ. ಇದ ಒಂದ ಚಾನ್ಸ್. ಆಕಿಗೂ, ನನಗೂ.

ಸೆಲೆಕ್ಷನ್ ದಿನ ನನಗ ಆಕೀನ ಜೋಡಿ ಬಂದ್ಲು. ಮೂರನೇ ಕುಣಿತನಾ ನಾ ಒಂದು ಏಟು ಹಿಂದ ಇದ್ದೆ. ಅಲ್ಲೆ ಆಕಿ ಚೆಂಡಿನ ಹಿಂದ ಕೋಲು ಇಟ್ಟಾಕಿ ಹಂಗ ನಿಂತ್ಲು.

"ಸಿದ್ಯಾ, ಒಂದು ಹೆಚ್ಚಿಗೆ ಬರಿ."

"ಯಾಕ?"

"ಕೋಲು ತಾಕಿ ಚೆಂಡು ಅಲ್ಲಾಡ್ತು. ಅದೂ ಒಂದು ಏಟು."

"ನಾ ನೋಡಲೇ ಇಲ್ಲಲೇ."

"ನಾ ನೋಡಿನಲ್ಲ."

ಒಂದು ಹೆಚ್ಚಿಗೆ ಬರದೆ. ಹುಚ್ಚಿ ಅದಾಳ ಅಂತ ಮನಸಿನ್ಯಾಗ ಅಂದ್ಕೊಂಡೆ. ಅದರಿಂದ ಇಬ್ಬರೂ ಸಮ ಆದ್ವಿ. ಐದನೇ ಕುಣಿ ಮುಗಿದಾಗೂ ಸಮ. ಉಳದ ಜೋಡಿಯವರು ಭಾಳ ಹಿಂದ ಬಿದ್ದಿದ್ರು. ಆರನೇದಕ್ಕ ಆಕಿಗೆ ಐದು ಏಟು ಆದ್ವು. ನನಗ ನಾಲ್ಕು. ಕಟ್. ಪಿಕ್ಚರ್ ಸೂಪರ್ ಹಿಟ್.

ಮಾರೆಪ್ಪ ಸರ್ ನನ್ನ ಕೊಳ್ಳಿಗೆ ಹಾರ ಹಾಕಿದ್ರು. "ಇಂವ ನಮ್ಮ ಹುಡುಗ ರೀ," ಅಂತ ಟ್ರಸ್ಟಿನವರಿಗೆ ಹೇಳಿದ್ರು. "ಕ್ಲಾಸಿನ ಹೊರಗ ನಿಂತು ನಿಂತು ಇವನ ಕಣ್ಣು ಹೊಲದ ಮ್ಯಾಲ ಕುಂತೈತಿ."

ಸರ್ ನನ್ನನ್ನ ನಮ್ಮ ಹುಡುಗ ಅಂದಿದ್ದು ಅದ ಮದ್ಲು.

ಸಂಜಿಕ ಅವ್ವ ದಾಳಿಂಬಿ ತೋಟದ ಕೆಲಸದಿಂದ ಬಂದಾಕಿ ಸೀದಾ ಒಲಿ ಹಚ್ಚಿ ಹೋಳಿಗಿ ಮಾಡಿದ್ಲು. ಬಾಜೂ ಮನಿ ಸಣ್ಣವ್ವಗ ಎರಡು, ಎದುರು ಮನಿ ಉಮರಸಾಬಗ ಎರಡು ಕೊಟ್ಟು ಬಂದ್ಲು. "ನಮ್ಮ ಸಿದ್ದ ಫಸ್ಟ್ ಬಂದಾನ," ಅಂತ ಪ್ರತಿ ಬಾಗಲಾಗ ನಿಂತು ಹೇಳಿದ್ಲು. ನಾ ಹೋಳಿಗಿ ಮುಟ್ಟಲಿಲ್ಲ. ಹೊಟ್ಟಿ ತುಂಬೇತಿ ಅಂದೆ.

ಮರುದಿನ ಮುಂಜಾನೆ ಸಾಲಿ ಗೇಟಿನ್ಯಾಗ ಮೆಹಜಬೀನ ಸಿಕ್ಲು. ಕೈಯಾಗ ಕೋಲು ಇತ್ತು. ಹಳೇ ಓಢಣಿ ಸುತ್ತಿ, ಎರಡೂ ಕಡೆ ಗಂಟು ಕಟ್ಟಿದ್ಲು.

"ಯಾಕ ತಂದಿ?"

"ತಿರುಗಿ ಕೊಡಾಕ."

"ಇವತ್ತ ಯಾಕ? ಇನ್ನೂ ತಿಂಗಳು ಐತಲ್ಲ, ಆಡು."

"ಅಬ್ಬಾಗ ಮಾತು ಕೊಟ್ಟೀನಿ ಅಂತ ಹೇಳಿದ್ನಿಲ್ಲ?"

ಆಕಿ ಒಳಗ ಹೊಂಟಾಕಿ ತಿರುಗಿ ನೋಡಿದ್ಲು.

"ತೋಳು ಛಲೋತ್ನಾಗ ತೊಳಕೊಂಡಿಯೇನು?"

"ಯಾಕ?"

"ನಿನ್ನೆ ಮೊಣಕೈತನಾ ಹಸಿ ಮಣ್ಣಿತ್ತು. ಹೊಲದಾಗ ಮ್ಯಾಲಿನ ಮಣ್ಣೆಲ್ಲಾ ಒಣಗೇತಿ. ಹಸಿ ಮಣ್ಣು ಬಿರಕಿನ್ಯಾಗ ಅಷ್ಟ ಐತಿ."

ನಾ ತೋಳು ಬೆನ್ನ ಹಿಂದ ಮಾಡಿದೆ.

"ಗೊತ್ತಿದ್ರ ನಾಲ್ಕು ಅಂತ ಯಾಕ ಬರದಿ?"

"ನೀ ನಾಲ್ಕು ಅಂದಿ. ನಾ ನಾಲ್ಕು ಬರದೆ," ಅಂದ್ಲು. "ಕೇಳಿದ್ರ ಏನಂತಿದ್ರಿ ನೀವೆಲ್ಲಾ? ಸೋತಾಳ, ಜಗಳಾ ತಗದಾಳ ಅಂತಿದ್ರಿ."

ಆಕಿ ಒಳಗ ಹೋದ್ಲು.

ನಿಮಗೂ ಹೇಳಿಬಿಡ್ತೀನಿ. ಆರನೇ ಕುಣಿಗೆ ನನ್ನ ಎರಡನೇ ಏಟು ಬಿರಕಿನ್ಯಾಗ ಹೋತು. ಮೆಹಜಬೀನ ಒಡ್ಡಿನ ಆಕಡೆ ತನ್ನ ಚೆಂಡು ಹುಡುಕಾಕತ್ತಿದ್ಲು. ಉಳದವರು ಬೇವಿನ ಗಿಡದ ಹತ್ರ. ನಾ ಅವರಿಗೆ ಬೆನ್ನು ಮಾಡಿ, ಚಪ್ಪಲಿ ಉಂಗುಟ ಸರಿ ಮಾಡಾಂವಂಗ ಕುಂತೆ. ಬಿರಕಿನ್ಯಾಗ ಕೈ ಹಾಕಿದೆ. ಒಳಗ ತಂಪಿತ್ತು. ಮೊಣಕೈತನಾ ಹೋದ ಮ್ಯಾಲ ಬೆರಳಿಗೆ ಚೆಂಡು ಹತ್ತಿತು. ತಗದು, ಚಡ್ಡಿಗೆ ಒರಸಿ, ಬಾಜೂಕ ಇಟ್ಟು ಆಡಿದೆ. ಒಂದು ಏಟು ಹೆಚ್ಚಿಗೆ ಹಾಕ್ಕೊಬೇಕಿತ್ತು. ಹಾಕ್ಕೊಳ್ಳಲಿಲ್ಲ.

ಮಧ್ಯಾಹ್ನ ಊಟದ ಬೆಲ್ ಆದ ಮ್ಯಾಲ ಅಕ್ಕಾರು ಕುಂಡ್ರೋ ರೂಮಿಗೆ ಹೋದೆ. ಟೇಬಲ್ ಮ್ಯಾಲ ಕ್ಯಾಂಪಿನ ಫಾರ್ಮ್ ಇತ್ತು. ನನ್ನ ಹೆಸರು ಬರದಿದ್ರು. ಫೋಟೋ ಹಚ್ಚೂದು ಅಷ್ಟ ಉಳದಿತ್ತು. ಮೂಲ್ಯಾಗ ಓಢಣಿ ಸುತ್ತಿದ ಕೋಲು ನಿಂತಿತ್ತು.

ಬಾಗಲಾಗ ನಿಂತ ಹೇಳಿದೆ. ಒಳಗ ಹೋಗಿದ್ರ ಹೇಳಾಕ ಆಗ್ತಿದ್ದಿಲ್ಲ.

ಅಕ್ಕಾರು ಬೈಲಿಲ್ಲ. ಹೊಡಿಲಿಲ್ಲ. ಹೊರಗ ನಿಂದ್ರು ಅಂತೂ ಅನ್ನಲಿಲ್ಲ. ನನ್ನ ಕಾರ್ಡ್ ತಗದು ನೋಡಿದ್ರು.

"ನಿನ್ನೆ ಐದು ಅಂದಿದ್ರ ಇಬ್ಬರೂ ಸಮ ಆಗ್ತಿದ್ರಿ," ಅಂದ್ರು. "ಇನ್ನೊಂದು ಕುಣಿ ಆಡಸ್ತಿದ್ದೆ. ಯಾರಿಗೆ ಗೊತ್ತು, ನೀನ ಗೆಲ್ತಿದ್ಯೋ ಏನೋ."

ಅದು ನನ್ನ ತಲ್ಯಾಗ ಹೊಳದಿದ್ದಿಲ್ಲ. ಆಗ ಕಣ್ಣಾಗ ನೀರು ಬಂತು. ತೋಳಿಲೆ ಒರಸಿದೆ.

ಅಕ್ಕಾರು ಪೆನ್ ನನ್ನ ಕೈಯಾಗ ಕೊಟ್ರು. "ನೀನ ಬರಿ."

ನಾಲ್ಕು ಹೊಡದು ಹಾಕಿ ಐದು ಬರದೆ. ಅಕ್ಕಾರು ಆ ಕಾರ್ಡಿನ ಮ್ಯಾಲ ಉದ್ದಕ್ಕ ಒಂದು ಗೆರಿ ಎಳದ್ರು. ಹೊಸ ಫಾರ್ಮ್ ತಗದ್ರು. ಮೆಹಜಬೀನ ಅಂತ ಬರ್ಯಾಕ ಅವರಿಗೆ ಒಂದು ನಿಮಿಷಾನೂ ಹಿಡಿಲಿಲ್ಲ.

"ಆಕಿ ಅಬ್ಬಾಗ ನಾ ಹೇಳ್ತೀನಿ. ಮಾರೆಪ್ಪ ಸರ್‌ಗೂ ನಾನ ಹೇಳ್ತೀನಿ," ಅಂದ್ರು. "ನಿಮ್ಮ ಮನಿಗೂ ಬರ್ಲೇನು?"

"ಬ್ಯಾಡ್ರಿ," ಅಂದೆ. "ನಾನ ಹೇಳ್ತೀನಿ."

ಸಾಲಿಯಿಂದ ನಮ್ಮ ಮನಿಗೆ ಹತ್ತು ನಿಮಿಷದ ದಾರಿ. ಅವತ್ತು ನಾ ಊರ ಅಗಸಿ ಬಾಗಲಾ ಸುತ್ತು ಹಾಕಿ, ಬಾವಿ ಸುತ್ತು ಹಾಕಿ, ಮಠದ ಮುಂದ ಒಂದಷ್ಟು ಹೊತ್ತು ಕುಂತು ಹೋದೆ. ದಾರ್‍ಯಾಗ ಉಮರಸಾಬ ಸೈಕಲ್ ನಿಂದ್ರಿಸಿ, "ಏನಪಾ ಚಾಂಪಿಯನ್," ಅಂದ. ನಾ ತಲಿ ಕೆಳಗ ಹಾಕ್ಕೊಂಡು ಮುಂದ ಹೋದೆ.

ಅವ್ವ ಕಟ್ಟಿ ಮ್ಯಾಲ ಕುಂತಿದ್ಲು. ಬಾಜೂಕ ಸಣ್ಣವ್ವ. ಅವ್ವನ ತೊಡಿ ಮ್ಯಾಲ ನನ್ನ ಹಳೇ ಚೀಲ. ಕ್ಯಾಂಪಿಗೆ ಒಯ್ಯಾಕ ಬೇಕಂತ ಅದರ ಹರದ ಹಿಡಕಿ ಹೊಲಿಯಾಕತ್ತಿದ್ಲು.

"ಬಂದ ನೋಡ ಹಂಪವ್ವ, ನಿನ್ನ ಹೀರೋ," ಅಂದ್ಲು ಸಣ್ಣವ್ವ. "ಒಂದು ಡೈಲಾಗ್ ಹೇಳೋ ನನಗ."

"ಅವ್ವಾ, ಅದನ್ನ ಹೊಲಿಬ್ಯಾಡ," ಅಂದೆ.

"ಯಾಕ? ಹೊಸಾದು ಬೇಕೇನು ಸಾಹೇಬ್ರಿಗೆ?"

"ನಾ ಫಸ್ಟ್ ಬಂದಿಲ್ಲ."

ಸೂಜಿ ಅರಿವ್ಯಾಗ ಹಂಗ ನಿಂತಿತು. ಅವ್ವ ನನ್ನ ಮುಖ ನೋಡಿದ್ಲು. ಚ್ಯಾಷ್ಟಿ ಮಾಡಾಕತ್ತೀನೋ ಏನು ಅಂತ ನೋಡಿದ್ಲು. ಸಣ್ಣವ್ವ ನಗೂದು ನಿಂದ್ರಿಸಿದ್ಲು. ನಾ ಆಕಿ ಎದ್ದು ಹೋಗಲಿ ಅಂತ ಕಾಯಲಿಲ್ಲ. ಅವ್ವನ ಕಾಲ ಹತ್ರ ಕೆಳಗ ಕುಂತೆ.

"ಚೆಂಡು ಬಿರಕಿನ್ಯಾಗ ಬಿದ್ದಿತ್ತವ್ವಾ," ಅಂದೆ. "ನಾ ಕೈ ಹಾಕಿ ತಗದೆ. ಯಾರಿಗೂ ಹೇಳಲಿಲ್ಲ."