ಉಬ್ಬೆಯಲ್ಲೂ ಹೋಗದ ಕಲೆ

ಮರಗಿಡಗಳು ಮಾತಾಡುತ್ತಿದ್ದ, ಮನುಷ್ಯರೂ ಅಷ್ಟಿಷ್ಟು ಕೇಳಿಸಿಕೊಳ್ಳುತ್ತಿದ್ದ ಕಾಲ. ಏಳು ಹೊಳೆಗಳ ಆಚೆ ನೀಲಗೊಂಡವೆಂಬ ರಾಜ್ಯವಿತ್ತು. ಒಂದು ಬೆಳಿಗ್ಗೆ ಜನ ಎದ್ದು ನೋಡಿದರೆ ಕೋಟೆಯ ಗೋಡೆಗೆ ಕೆಂಪು ಬಳ್ಳಿಯೊಂದು ಹಬ್ಬಿಕೊಂಡಿದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಸೋಕಿದವರ ಮೈಯೆಲ್ಲ ದದ್ದು, ತುರಿ, ಉರಿ. ದೊರೆ ಚಿತ್ರಬಾಹು ಶೂರ ನೋಡಿ, ತಾನೇ ಕಿತ್ತೆಸೆಯುತ್ತೇನೆಂದು ಹೋಗಿ ಎರಡೂ ಕೈಯಲ್ಲಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಶೌರ್ಯವೆಲ್ಲ ಉಗುರಿಗೆ ಇಳಿದಿತ್ತು. ಸಿಂಹಾಸನದ ಮೇಲೆ ಕೂತು ಪರಪರ ಕೆರೆದುಕೊಳ್ಳುತ್ತಿದ್ದ.

ಅದೇ ದಿನ ಮಾಂತ್ರಿಕ ಗರಳನಾಥ ಬಂದ. ಬಿಳಿ ರೇಷ್ಮೆಯ ನಿಲುವಂಗಿ, ಕೈಯಲ್ಲಿ ತಾಮ್ರದ ಕೊಡ, ಕೊಡದ ತುಂಬ ಕಪ್ಪು ಲೇಪ.

"ಹಚ್ಚಿದ ಕೂಡಲೇ ತಂಪು. ತಲೆ ಬಾಗಿ 'ನನ್ನ ಮೈ ನಿನ್ನದು' ಅಂದರೆ ಸಾಕು, ಬೇರೇನೂ ಬೇಡ" ಎಂದ.

ದೊರೆ ಬಾಗಿದ. ಮಂತ್ರಿ ಬಾಗಿದ. ಊರಿಗೆ ಊರೇ ಬಾಗಿತು. ಸಂಜೆಯವರೆಗೆ ತಂಪು, ಮರುದಿನ ಎರಡರಷ್ಟು ಉರಿ. ಮತ್ತೆ ಓಡಿದರು, ಮತ್ತೆ ಬಾಗಿದರು. ಹಾಗೆ ಮೈ ಒಪ್ಪಿಸಿದವರು ಅವನು ಕೂರೆಂದರೆ ಕೂರಬೇಕು, ನಿಲ್ಲೆಂದರೆ ನಿಲ್ಲಬೇಕು. ಆ ಮಾತಿಗೆ ಅಂಥ ಶಕ್ತಿಯಿತ್ತು.

ಸೊಪ್ಪು ಹಾಕದೆ ಉಳಿದದ್ದು ಹೊಳೆದಂಡೆಯ ಅಗಸರ ಕೇರಿ ಮಾತ್ರ. ಅಲ್ಲಿ ನಂಜವ್ವ ಎಂಬ ಮುದುಕಿ, ಅವಳಿಗೆ ಮಾಚಿ ಎಂಬ ಮಗಳು. ಬಳ್ಳಿ ಸೋಕಿಸಿಕೊಂಡು ಬಂದವರನ್ನು ನಂಜವ್ವ ಹರಿಯುವ ನೀರಲ್ಲಿ ನಿಲ್ಲಿಸುತ್ತಿದ್ದಳು. ಉಜ್ಜುವಂತಿಲ್ಲ, ಕೆರೆಯುವಂತಿಲ್ಲ. ಆಮೇಲೆ ತಣ್ಣನೆಯ ಜೇಡಿಮಣ್ಣಿನ ಪಟ್ಟು. ಅದು ಒಣಗಿ ಉದುರಿದ ಮೇಲೆ ಲೋಳೆಸರದ ತಿರುಳು. ಒಂಬತ್ತು ದಿನ ಹಿಡಿಯುತ್ತಿತ್ತು, ಆದರೆ ಹೋದ ತುರಿ ಮತ್ತೆ ಬರುತ್ತಿರಲಿಲ್ಲ.

ಈ ಸುದ್ದಿ ಹಬ್ಬಿದರೆ ತನ್ನ ಬೇಳೆ ಬೇಯದೆಂದು ಗರಳನಾಥ ದೊರೆಯ ಕಿವಿಯೂದಿದ. "ತುರಿ ಬರುತ್ತಿರುವುದೇ ಆ ಮುದುಕಿ ಒಗೆದ ಬಟ್ಟೆಯಿಂದ." ದೊರೆಗೆ ಯೋಚಿಸಲು ಪುರಸೊತ್ತೆಲ್ಲಿ? ಕೆರೆಯುತ್ತಲೇ ಹೇಳಿದ, "ನಾಳೆ ಹೊತ್ತು ಮುಳುಗುವಾಗ ಅವಳ ಎರಡೂ ಕೈ ಕತ್ತರಿಸಿ."

ಮರುದಿನ ಬೆಳಿಗ್ಗೆ ಮಾಚಿ ಬಟ್ಟೆಗಂಟು ಹೊತ್ತು ಆಸ್ಥಾನಕ್ಕೆ ನಡೆದಳು. ಕೈ ಮುಗಿದಳು, ಬಾಗಲಿಲ್ಲ. ದೊರೆಯ ಪಂಚೆಯನ್ನೇ ಅವನ ಮುಂದೆ ಹರವಿದಳು.

"ನೋಡಿ ದೊರೆ, ಲೇಪ ತಾಗಿದ ಕಡೆಯೆಲ್ಲ ಕಪ್ಪು ಕಲೆ. ಚೌಳುಮಣ್ಣು ಹಾಕಿ ಒಗೆದೆ, ಹೋಗಲಿಲ್ಲ. ಮೂರು ಸಲ ಉಬ್ಬೆಗಿಟ್ಟು ಹಬೇಲಿ ಬೇಯಿಸಿದೆ, ಹೋಗಲಿಲ್ಲ. ಉಬ್ಬೇಲೂ ಹೋಗದ ಕಲೆ ನಾ ಕಂಡಿದ್ದು ಒಂದೇ, ಕೇರುಬೀಜದ್ದು. ಯಾವ ಬಟ್ಟೆ ಯಾರ ಮನೇದು ಅಂತ ನಾವು ಗುರುತು ಹಾಕೋದೇ ಅದರಲ್ಲಿ. ಗುರುತು ಬಿದ್ದದ್ದು ಆ ಮನೇದೇ, ಅದು ಕಟ್ಟಳೆ. ಮೈಗೆ ತಾಗಿದರೆ ಬೊಬ್ಬೆ ಏಳತ್ತೆ. ಇವನು ನಿಮಗೆ ಔಷಧಿ ಹಚ್ತಾ ಇಲ್ಲ, ರೋಗ ಹಚ್ತಾ ಇದ್ದಾನೆ."

ಗರಳನಾಥ ನಕ್ಕ. "ಹಾಗಾದರೆ ನನ್ನ ತೋಟಕ್ಕೆ ಹೋಗಿ ಕೇರುಮರ ಇದ್ದರೆ ಸಾಕ್ಷಿ ತಗೊಂಡು ಬಾ. ಮೂರು ಬಾಗಿಲು ದಾಟಬೇಕು. ಒಂದು ಕಡೆ ತಲೆ ಬಾಗಿದರೂ ನಿನ್ನ ಕೈಯೂ ನನಗೆ."

"ಆಗಲಿ" ಎಂದಳು ಮಾಚಿ.

ನಂಜವ್ವ ಹೊಳೆದಂಡೆಯಲ್ಲಿ ಮಗಳ ಮೈಗೆಲ್ಲ ಜೇಡಿಮಣ್ಣು ಬಳಿದಳು. "ಈ ಮುದಿ ಕೈ ಹೋದರೆ ಹೋಗಲಿ ಕೂಸೆ. ನೀನು ಹೋಗಬೇಡ" ಎಂದು ಅತ್ತಳು.

"ನನಗೆ ಉಣಿಸಿದ ಕೈ ಅವ್ವಾ ಇದು. ಯಾರಿಗೂ ಕೊಡೋದಿಲ್ಲ" ಎಂದಳು ಮಾಚಿ. ಅವಳಿಗೆ ಭಯವೂ ಇತ್ತು, ಭಯಕ್ಕಿಂತ ಹೆಚ್ಚು ಸಿಟ್ಟಿತ್ತು.

ಮೊದಲ ಬಾಗಿಲಲ್ಲಿ ಏಳು ನಾಯಿಗಳು. ಅವುಗಳ ಮೈಯಲ್ಲಿ ಕೂದಲಿನ ಬದಲು ತುರಚೆ ಗಿಡದ ಮುಳ್ಳು. "ಬಾಗು, ದಾರಿ ಬಿಡ್ತೀವಿ" ಎಂದವು.

"ನಾನು ಬಾಗೋದು ಒಗೆಯೋ ಬಂಡೆ ಮುಂದೆ. ನಾಯಿ ಮುಂದಲ್ಲ" ಎಂದು ಮಾಚಿ ಅವುಗಳ ನಡುವೆಯೇ ನಡೆದಳು. ಮೈಗೆ ಮೈ ತಿಕ್ಕಿದವು. ಮುಳ್ಳೆಲ್ಲ ಜೇಡಿಗೆ ಕಚ್ಚಿಕೊಂಡಿತು. ಒಣಗಿದ ಜೇಡಿಯನ್ನು ಅವಳು ಹಪ್ಪಳದಂತೆ ಬಿಡಿಸಿ ಬಿಸಾಡಿದಳು. ಬೋಳಾದ ನಾಯಿಗಳು ನಾಚಿ ಮೂಲೆ ಸೇರಿದವು.

ಎರಡನೇ ಬಾಗಿಲಲ್ಲಿ ಹೆಬ್ಬಾವಿನಷ್ಟು ದಪ್ಪದ ನಸುಗುನ್ನಿ ಬಳ್ಳಿ. ಅದರ ಕಾಯಿಗಳಿಂದ ಹೊಂಬಣ್ಣದ ಸುಂಕು, ತುರಿಸುವ ನವಿರು ಕೂದಲು, ಮಳೆಯಂತೆ ಸುರಿಯುತ್ತಿತ್ತು. "ಬಾಗು, ಇಲ್ಲವೇ ಕೆರೆದುಕೋ" ಎಂದಿತು ಬಳ್ಳಿ. ಕೆರೆದಲ್ಲೆಲ್ಲ ಹೊಸ ಬಳ್ಳಿ ಚಿಗುರುತ್ತಿತ್ತು. ಹಿಂದೆ ಬಂದವರು ಹಾಗೇ ಬಳ್ಳಿಯಾಗಿ ಅಲ್ಲೇ ನಿಂತಿದ್ದರು.

ಈಗ ಮಾಚಿಯ ಮೈಮೇಲೆ ಜೇಡಿಯಿರಲಿಲ್ಲ. ತಲೆಯಿಂದ ಕಾಲಿನವರೆಗೆ ತುರಿ ಎದ್ದಿತು. ಕಣ್ಣಲ್ಲಿ ನೀರು ಬಂತು. ಸುಮ್ಮನಿದ್ದರೆ ಕೈ ತಾನಾಗಿ ಕೆರೆಯುತ್ತದೆಂದು ಗೊತ್ತಿತ್ತು. ಬೆನ್ನಿಗಿದ್ದ ಬಟ್ಟೆಗಂಟು ಬಿಚ್ಚಿ, ಪಕ್ಕದ ಕಾಲುವೆಯಲ್ಲಿ ದೊರೆಯ ಪಂಚೆ ಅದ್ದಿ, ತಲೆ ತಗ್ಗಿಸದೆ ಬಾಗಿಲ ಕಲ್ಲಿಗೆ ಒಗೆಯತೊಡಗಿದಳು. ಹುಶ್ಶೋ ಹುಶ್. ಹುಶ್ಶೋ ಹುಶ್. ನೂರು ಏಟು, ಇನ್ನೂರು ಏಟು. ಕಾಯಿಗಳಲ್ಲಿ ಸುಂಕು ಮುಗಿಯಿತು, ಮಾಚಿಯ ಏಟು ಮುಗಿಯಲಿಲ್ಲ. ಬಳ್ಳಿ ಸೋತು ನೆಲಕ್ಕೆ ಜೋತುಬಿತ್ತು. ಅವಳು ಕಾಲುವೆಯಲ್ಲಿ ಮುಳುಗೆದ್ದು ಮುಂದೆ ನಡೆದಳು.

ಮೂರನೇ ಬಾಗಿಲಲ್ಲಿ ಕೇರುಮರ. ಬೊಡ್ಡೆಗೆ ತೋಳುದ್ದದ ಕಬ್ಬಿಣದ ಮೊಳೆ ಹೊಡೆದಿತ್ತು, ಗಾಯದಿಂದ ಕಪ್ಪು ಹಾಲು ತೊಟ್ಟಿಕ್ಕುತ್ತಿತ್ತು. "ಬಾಗು" ಎಂದಿತು ಮರ, ನರಳುವ ದನಿಯಲ್ಲಿ.

"ಬಾಗೋದಿಲ್ಲ. ನಮ್ಮವ್ವ ನಿನ್ನ ಬೀಜ ಆರಿಸೋವಾಗ ನಿನ್ನ ಕೇಳಿಯೇ ಆರಿಸ್ತಾಳೆ. ನಾನೂ ಕೇಳ್ತೀನಿ. ಈ ಮೊಳೆ ಹೊಡೆದೋರು ಯಾರು?"

ಮರ ಹೇಳಿತು, "ಇದುವರೆಗೆ ಯಾರೂ ಕೇಳಿರಲಿಲ್ಲ. ಗರಳನಾಥ ಹೊಡೆದ. ಕೆಂಪು ಬಳ್ಳಿಗೂ ನನ್ನ ಹಾಲನ್ನೇ ಎರೆದ, ಲೇಪಕ್ಕೂ ನನ್ನ ಹಾಲನ್ನೇ ಬೆರೆಸಿದ. ಮೊಳೆ ಇರೋವರೆಗೂ ಬಳ್ಳಿ ಇರತ್ತೆ."

ಕೇರು ಮುಟ್ಟುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು ಅಗಸರ ಕ್ರಮ. ಸಿಟ್ಟಿನ ಭರದಲ್ಲಿ ಮಾಚಿ ಎಣ್ಣೆ ತರುವುದನ್ನೇ ಮರೆತಿದ್ದಳು. ಹೊತ್ತು ಇಳಿಯುತ್ತಿತ್ತು. ಬರಿಗೈಯಲ್ಲೇ ಮೊಳೆ ಹಿಡಿದು ಎಳೆದಳು. ಹಾಲು ಚಿಮ್ಮಿತು, ಅಂಗೈ ಸುಟ್ಟಿತು, ಬೊಬ್ಬೆ ಎದ್ದವು. ಅವಳು ಬಿಡಲಿಲ್ಲ. ಮೊಳೆ ಕಿತ್ತು ಬಂತು. ಅದೇ ಗಳಿಗೆಯಲ್ಲಿ ಕೋಟೆಯ ಗೋಡೆಯ ಮೇಲೆ ಕೆಂಪು ಬಳ್ಳಿ ಒಣಗಿ ಉದುರಿತು.

ಅವಳು ಆಸ್ಥಾನಕ್ಕೆ ಬಂದಾಗ ನಂಜವ್ವನ ಕೈಗಳನ್ನು ಕೊರಡಿನ ಮೇಲೆ ಇಡಿಸಿದ್ದರು. ಮಾಚಿ ಮೊಳೆಯನ್ನೆತ್ತಿ ಹಿಡಿದಳು. ತುದಿಯಲ್ಲಿ ಕಪ್ಪು ಹಾಲು ಇನ್ನೂ ಹಸಿಯಾಗಿತ್ತು. "ಇದೇ ಸಾಕ್ಷಿ ದೊರೆ. ನಾನು ಎಲ್ಲೂ ಬಾಗಲಿಲ್ಲ."

ಗರಳನಾಥನ ಮುಖ ಕಪ್ಪಿಟ್ಟಿತು. "ನಿಮ್ಮ ಮೈಗಳೆಲ್ಲ ನನ್ನವು. ಏಳಿ, ಇವಳನ್ನು ಹಿಡಿಯಿರಿ" ಎಂದ. ದೊರೆ ಎದ್ದ, ಮಂತ್ರಿ ಎದ್ದ, ಭಟರೆಲ್ಲ ಎದ್ದರು. ಮನಸ್ಸು ಬೇಡವೆಂದರೂ ಕಾಲು ಕೇಳಲಿಲ್ಲ.

ನೀಲಗೊಂಡದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ಕೇರಿನ ಗುರುತು ಬಿದ್ದದ್ದು ಆ ಗುರುತಿನ ಮನೆಯ ಗಂಟಿಗೇ ಸೇರಬೇಕು. ದೊರೆಯಾದರೂ, ಮಾಂತ್ರಿಕನಾದರೂ ತಡೆಯುವಂತಿಲ್ಲ. ಮಾಚಿ ಓಡಲಿಲ್ಲ. ನೇರ ಗರಳನಾಥನ ಬಳಿಗೆ ಹೋಗಿ ಅವನ ಬಿಳಿ ನಿಲುವಂಗಿಯ ಎದೆಯ ಮೇಲೆ ಮೊಳೆಯ ತುದಿಯಿಂದ ತನ್ನ ಮನೆಯ ಗುರುತು ಬರೆದಳು. ಎರಡು ಚುಕ್ಕಿ, ಒಂದು ಗೀಟು.

"ಊರಿನ ಮೈಯೆಲ್ಲ ನಿನ್ನದು ಅಂದೆಯಲ್ಲ. ಈಗ ನೀನು ನಮ್ಮ ಮನೆಯ ಗಂಟಿನವನು."

ನಿಲುವಂಗಿ ಕುಸಿದು ನೆಲಕ್ಕೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ಮಾಚಿ ಅದನ್ನು ಮಡಚಿ ಗಂಟಿಗೆ ಸೇರಿಸಿದಳು. ಅವರವರ ಮೈ ಅವರವರಿಗೆ ವಾಪಸಾಯಿತು, ತುರಿಯ ಸಮೇತ.

ದೊರೆ ಕಣ್ಣೀರು ತುಂಬಿಕೊಂಡು ನಂಜವ್ವನ ಮುಂದೆ ತಲೆ ಬಾಗಲು ಹೋದ.

"ಬಾಗಬೇಡಿ" ಎಂದಳು ಮಾಚಿ. "ಬಾಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಹೊಳೆಗೆ ಬನ್ನಿ, ಸರದಿಯಲ್ಲಿ ನಿಲ್ಲಿ. ಕೆರೆಯೋ ಹಾಗಿಲ್ಲ."

ದೊರೆ ಕುರುಬನೊಬ್ಬನ ಹಿಂದೆ, ಮಂತ್ರಿಯ ಮುಂದೆ ಮೊಣಕಾಲುದ್ದ ನೀರಲ್ಲಿ ಕೈಕಟ್ಟಿ ನಿಂತ. ಮಾಚಿ ಅಂಗೈಗೆ ಲೋಳೆಸರ ಸುತ್ತಿಕೊಂಡು ದಂಡೆಯಲ್ಲಿ ಕೂತು ಕೆರೆಯುವವರನ್ನು ಗದರಿಸುತ್ತಿದ್ದಳು. ಒಂಬತ್ತನೇ ದಿನಕ್ಕೆ ರಾಜ್ಯಕ್ಕೆ ರಾಜ್ಯವೇ ವಾಸಿಯಾಗಿ ನಗುನಗುತ್ತಾ ಬದುಕಿತು. ಗರಳನಾಥನ ನಿಲುವಂಗಿ ಮಾಚಿಯ ಕತ್ತೆಯ ಬೆನ್ನಿಗೆ ಹೊದಿಕೆಯಾಯಿತು. ಆದರೆ ಆ ಮೊದಲ ದಿನ ದೊರೆಯ ಸರದಿ ಬಂದಾಗ ಹೊಳೆದಂಡೆಯ ಜನರೆಲ್ಲ ತಿರುಗಿ ನೋಡಿದರು. ಅವನು ಕತ್ತರಿಸಲು ಹೇಳಿದ್ದ ಎರಡು ಮುದಿ ಕೈಗಳು ಅವನ ಬೆನ್ನಿಗೆ ಮೆಲ್ಲಗೆ, ಉಜ್ಜದೆ, ತಣ್ಣನೆಯ ಜೇಡಿ ಹಚ್ಚುತ್ತಿದ್ದವು.